ವೋಲ್ಟೇಜ್ ಹೆಚ್ಚಿಸಿದರೆ ಪ್ರವಾಹ ಕಡಿಮೆಯಾಗುವುದು ಹೇಗೆ? ಓಮ್ ನಿಯಮ ಸುಳ್ಳೇ?

ಓಮ್ ನಿಯಮದಂತೆ ವೋಲ್ಟೇಜ್ ಏರಿದರೆ ಪ್ರವಾಹವೂ ಏರಬೇಕು. ದೂರಕ್ಕೆ ವಿದ್ಯುತ್ ಕಳಿಸುವಾಗ ಮಾತ್ರ ವೋಲ್ಟೇಜ್ ಏರಿಸಿ ಪ್ರವಾಹ ಇಳಿಸುತ್ತಾರಂತೆ, ಎರಡರಲ್ಲಿ ಯಾವುದು ತಪ್ಪು ಎಂದು ಕೇಳಿದ್ದೀರಿ. ಹತ್ತನೇ ತರಗತಿಯಲ್ಲಿ ನನಗೂ ಇದೇ ಗೊಂದಲವಿತ್ತು. ಕೇಳಿದ್ದಕ್ಕೆ ಮೇಷ್ಟ್ರು ‘ಪರೀಕ್ಷೆಗೆ ಬರುವುದಿಲ್ಲ, ಕೂತುಕೋ’ ಎಂದಿದ್ದರು.

ಎರಡೂ ಸರಿ. ಎಡವುವುದು ಓಮ್ ಸೂತ್ರದಲ್ಲಿ (ವಿ = ಪ್ರವಾಹ × ರೋಧ) ವೋಲ್ಟೇಜನ್ನು ಸೂಚಿಸುವ ‘ವಿ’ ಎಂಬ ಅಕ್ಷರದಲ್ಲಿ. ಓಮ್ ನಿಯಮವನ್ನು ತಂತಿಗೆ ಹಚ್ಚುವಾಗ ಆ ‘ವಿ’ ಒಂದೇ ತಂತಿಯ ಈ ತುದಿಗೂ ಆ ತುದಿಗೂ ಇರುವ ವ್ಯತ್ಯಾಸ. ಲೈನಿನ 11,000 ವೋಲ್ಟ್ ಎಂಬುದು ಒಂದು ತಂತಿಗೂ ಇನ್ನೊಂದಕ್ಕೂ ನಡುವಿನದು. ಹೆಸರು ಒಂದೇ, ಆಸಾಮಿ ಬೇರೆ.

ಲೆಕ್ಕ ಹಾಕಿ ನೋಡಿ. ಕಳಿಸುವ ವ್ಯಾಟ್ ಎಂದರೆ ಲೈನಿನ ವೋಲ್ಟೇಜ್ ಮತ್ತು ಪ್ರವಾಹದ ಗುಣಲಬ್ಧ; ಅಷ್ಟೇ ವ್ಯಾಟ್ ಕಳಿಸಲು ವೋಲ್ಟೇಜ್ ಏರಿಸಿದರೆ ಪ್ರವಾಹ ಕಡಿಮೆ ಸಾಕು. 10 ಕಿಲೋವ್ಯಾಟ್ ಕಳಿಸಬೇಕು, ಹೋಗಿ ಬರುವ ತಂತಿಯ ಒಟ್ಟು ರೋಧ ಅರ್ಧ ಓಮ್ ಎನ್ನೋಣ. 230 ವೋಲ್ಟ್‌ನಲ್ಲಿ ಕಳಿಸಿದರೆ ಸುಮಾರು 43.5 ಆಂಪಿಯರ್ ಹರಿಯಬೇಕು. ತಂತಿ ನುಂಗುವುದು ಸುಮಾರು 22 ವೋಲ್ಟ್. ಬಿಸಿಯಾಗಿ ಹೋಗುವುದು 945 ವ್ಯಾಟ್. ಅದನ್ನೇ 11,000 ವೋಲ್ಟ್‌ನಲ್ಲಿ ಕಳಿಸಿದರೆ ಒಂದು ಆಂಪಿಯರ್ ಕೂಡ ಬೇಕಿಲ್ಲ, ನಷ್ಟ ಅರ್ಧ ವ್ಯಾಟ್‌ಗೂ ಕಡಿಮೆ. ನಷ್ಟವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದಲೇ ಇಷ್ಟು ಅಂತರ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್ ದೂರ, ವಿದ್ಯುತ್ ಒಯ್ದವರು ಹತ್ತಾರು ಸಾವಿರ ವೋಲ್ಟ್‌ಗೆ ಏರಿಸಿಕೊಂಡಿದ್ದು ಇದೇ ಕಾರಣಕ್ಕೆ. 230ರಲ್ಲೇ ಕಳಿಸಲು ಹೊರಟಿದ್ದರೆ ದಾರಿಯುದ್ದಕ್ಕೂ ತಂತಿ ಬಿಸಿಯಾಗುತ್ತಿತ್ತು, ಗಣಿಗೆ ಏನೂ ತಲುಪುತ್ತಿರಲಿಲ್ಲ.

ಪುಸ್ತಕದಲ್ಲಿ ಕಾಣದ ಆ ‘ವಿ’ ನನಗೆ ಸಿಕ್ಕಿದ್ದು ನಮ್ಮ ತೋಟದ ಮನೆಯಲ್ಲಿ. ಟಿ.ಸಿ.ಯಿಂದ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್‌ನಿಂದ, ಬರುವ ಲೈನಿನಲ್ಲಿ ನಾವೇ ಕೊನೆಯವರು. ಪಂಪ್‌ಸೆಟ್ ಶುರುವಾದರೆ ಸಾಕು, ಹಳೆಯ ಬುರುಡೆ ಬಲ್ಬು ಕುಂಬಳಕಾಯಿ ಬಣ್ಣಕ್ಕೆ ತಿರುಗುತ್ತಿತ್ತು. ಒಂದು ಸಂಜೆ ಪ್ಲಗ್ಗಿಗೆ ಮಲ್ಟಿಮೀಟರ್ ಹಿಡಿದೆ. ಮೋಟರ್ ನಿಂತಿದ್ದಾಗ 231, ಓಡುತ್ತಿದ್ದಾಗ 198. ತಂತಿ ಅದೇ, ರೋಧವೂ ಅದೇ. ಪ್ರವಾಹ ಹೆಚ್ಚಿದ್ದಕ್ಕೆ 33 ವೋಲ್ಟ್ ದಾರಿಯಲ್ಲೇ ಉಳಿಯಿತು. ತಂತಿಯ ಲೆಕ್ಕಕ್ಕೆ ಓಮ್ ನಿಯಮದಲ್ಲಿ ನೀವು ಹಾಕಬೇಕಾದದ್ದು ಆ 33ನ್ನು.