ಲೀಡ್ಸಿಗೆ ಹೊರಟ ತಂಗಿಗೆ: ಮಕ್ಕಳು, ಬುತ್ತಿ, ರವಿವಾರದ ತಿರುಗಾಟ

ತಂಗಿ, ನಿಮ್ಮ ಪ್ರಶ್ನೆ ಓದಿದೆ. ಗಂಗಾವತಿಯಿಂದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲೀಡ್ಸಿಗೆ ಹೋಗುತ್ತಿದ್ದೀರಿ, ಜೊತೆಗೆ ಆರು ವರ್ಷದ ಮಗಳು, ಎರಡೂವರೆ ವರ್ಷದ ಮಗ. ಬಾಡಿಗೆ ಮನೆ, ಬ್ಯಾಂಕಿನ ಕೆಲಸ ಯಜಮಾನರು ನೋಡಿಕೊಳ್ಳುತ್ತಾರೆ. "ಆ ಥಂಡಿ ಮಳಿಯಾಗ ಮಕ್ಕಳನ್ನ ಕಟ್ಟಿಕೊಂಡು ಹೊರಗ ಹೆಂಗ ಬೀಳೋದು, ಬುತ್ತಿ ಏನು ಕಟ್ಟೋದು, ರವಿವಾರ ಹೆಂಗ ಕಳಿಯೋದು" ಅಂತ ಕೇಳಿದ್ದೀರಿ. ವೀಸಾ, ಸಂಬಳದ ಬಗ್ಗೆ ಎಲ್ಲರೂ ಕೇಳುತ್ತಾರೆ, ಇದನ್ನು ಕೇಳುವವರು ಕಡಿಮೆ. ಆದರೆ ಮನೆಯ ನೆಮ್ಮದಿ ನಿಂತಿರುವುದು ಇದರ ಮೇಲೆ.

ಗಂಗಾವತಿಯಲ್ಲಿ ಬಾಗಿಲು ತೆಗೆದರೆ ಓಣಿ. ಮಕ್ಕಳು ತಾವಾಗಿಯೇ ಹೊರಗೆ ಹೋಗುತ್ತವೆ, ಯಾರದೋ ಕಟ್ಟೆ ಮೇಲೆ ಕೂರುತ್ತವೆ, ಹಸಿವಾದರೆ ಒಳಗೆ ಬರುತ್ತವೆ. ಲೀಡ್ಸಿನಲ್ಲಿ ಅಂಥ ಓಣಿ ಸಿಗುವುದು ಕಷ್ಟ. ಅಲ್ಲಿ ಮಕ್ಕಳನ್ನು ಹೊರಗೆ ಆಡಿಸಿಕೊಂಡು ಬರುವುದು ದಿನಾ ಮಾಡಬೇಕಾದ ಕೆಲಸ, ಅದು ಪೂರ್ತಿ ನಿಮ್ಮಿಬ್ಬರ ಪಾಲಿಗೆ ಬರುತ್ತದೆ. ಮಳೆ ನಿಲ್ಲಲಿ ಅಂತ ಕಾದರೆ ನವೆಂಬರ್ ಪೂರ್ತಿ ಮನೆಯಲ್ಲೇ ಕಳೆದುಹೋಗುತ್ತದೆ, ಸಂಜೆ ಹೊತ್ತಿಗೆ ಮಕ್ಕಳು ಸೋಫಾದಿಂದ ಸೋಫಾಕ್ಕೆ ಜಿಗಿಯುತ್ತಿರುತ್ತವೆ. ದಿನಕ್ಕೆ ಒಂದು ತಾಸು ಹೊರಗೆ, ಮಳೆ ಇರಲಿ ಬಿಡಲಿ. ಮೊದಲ ವಾರದಿಂದಲೇ ರೂಢಿ ಮಾಡ್ರಿ.

ಅದಕ್ಕೆ ಮೊದಲು ಬಟ್ಟೆ ಸರಿಯಿರಬೇಕು. ಬಳ್ಳಾರಿ ಬಜಾರಿನಲ್ಲಿ ದಪ್ಪ ಸ್ವೆಟರ್ ನೋಡಿ ನಾಲ್ಕು ತಗೊಂಡು ಬರಬೇಡ್ರಿ. ಹೆಣಿಗೆಯ ತೂತುಗಳಲ್ಲಿ ಗಾಳಿ ಒಳಗೆ ನುಗ್ಗುತ್ತದೆ, ಮಳೆ ಬಿದ್ದರೆ ನೀರು ಹೀರಿಕೊಂಡು ಭಾರವಾಗುತ್ತದೆ, ಬೇಗ ಒಣಗುವುದಿಲ್ಲ. ಬೇಕಿರುವುದು ಮೂರು ಪದರ: ಮೈಗೆ ಹತ್ತಿಕೊಂಡಿರುವ ತೆಳು ಬನಿಯನ್ನು, ನಡುವೆ ಫ್ಲೀಸ್ ಎಂಬ ಹಗುರ, ಬೆಚ್ಚನೆ ಬಟ್ಟೆಯ ಅಂಗಿ, ಮೇಲೆ ಗಾಳಿ-ನೀರು ಎರಡನ್ನೂ ತಡೆಯುವ ಟೊಪ್ಪಿಗೆಯ ಜಾಕೆಟ್. ಬಸ್ಸು, ಅಂಗಡಿ, ಲೈಬ್ರರಿ ಎಲ್ಲ ಒಳಗೆ ಬೆಚ್ಚಗಿರುತ್ತವೆ, ಅಲ್ಲಿ ಮೇಲಿನ ಪದರ ಬಿಚ್ಚದಿದ್ದರೆ ಮಗು ಬೆವೆತು ಹೊರಗೆ ಬಂದಾಗ ನಡುಗುತ್ತದೆ. ಸಣ್ಣವನಿಗೆ ಕಾಲಿಂದ ಕುತ್ತಿಗೆವರೆಗೆ ಮುಚ್ಚುವ ರೇನ್‌ಸೂಟ್ ಮತ್ತು ಗಂಬೂಟು ತಗೊಳ್ರಿ. ಗಂಬೂಟು ಒಂದು ಅಳತೆ ದೊಡ್ಡದಿರಲಿ, ಒಳಗೆ ಉಣ್ಣೆ ಕಾಲುಚೀಲ ಹಿಡಿಸಬೇಕು. ಕೈಗವಸಿಗೆ ಉದ್ದನೆ ದಾರ ಹೊಲಿದು ಜಾಕೆಟ್ಟಿನ ಎರಡೂ ತೋಳಿನೊಳಗಿಂದ ಹಾಯಿಸ್ರಿ, ಇಲ್ಲದಿದ್ದರೆ ವಾರಕ್ಕೊಂದು ಕಳೆಯುತ್ತದೆ. ಕೊಡೆ ಆ ಗಾಳಿಗೆ ತಡೆಯುವುದಿಲ್ಲ. ಇವೆಲ್ಲ ಅಲ್ಲಿನ ಚಾರಿಟಿ ಅಂಗಡಿಗಳಲ್ಲಿ, ಅಂದರೆ ಜನ ದಾನ ಕೊಟ್ಟ ಹಳೆ ಸಾಮಾನು ಮಾರುವಲ್ಲಿ, ಕಡಿಮೆ ಬೆಲೆಗೆ ಸಿಗುತ್ತವೆ, ಮಕ್ಕಳು ಆರು ತಿಂಗಳಿಗೇ ಬೆಳೆದುಬಿಡುವುದರಿಂದ ಹೊಸದರಷ್ಟೇ ಚೆನ್ನಾಗಿರುತ್ತವೆ.

ಹಳೆಯದು ತಗೊಳ್ಳಲೇಬಾರದ ವಸ್ತು ಕಾರಿನಲ್ಲಿ ಮಕ್ಕಳನ್ನು ಕೂರಿಸುವ ಕಾರ್ ಸೀಟು. ಅದು ಹಿಂದೆ ಅಪಘಾತದಲ್ಲಿ ಸಿಕ್ಕಿತ್ತೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ, ಒಳಗಿನ ಬಿರುಕು ಕಾಣುವುದಿಲ್ಲ. ಮಗುವಿಗೆ 12 ವರ್ಷ ತುಂಬುವವರೆಗೆ ಇಲ್ಲವೇ 135 ಸೆಂಟಿಮೀಟರ್ ಎತ್ತರ ಬರುವವರೆಗೆ, ಯಾವುದು ಮೊದಲೋ ಅಲ್ಲಿಯತನಕ, ಕಾರಿನಲ್ಲಿ ಸೀಟು ಕಡ್ಡಾಯ. ತಪ್ಪಿದರೆ 500 ಪೌಂಡ್‌ವರೆಗೆ ದಂಡ. ಮಗಳಿಗೆ ಬೂಸ್ಟರ್, ಅಂದರೆ ಎತ್ತರಿಸಿ ಕೂರಿಸುವ, ಬೆನ್ನಿರುವ ಸೀಟು ಸಾಕು. ಮಗನಿಗೆ ಹಿಂದಕ್ಕೆ ಮುಖಮಾಡಿ ಕೂರಿಸುವ ಸೀಟೇ ಒಳ್ಳೆಯದು, ನಾಲ್ಕು ವರ್ಷದವರೆಗೂ ಹಾಗೆ ಕೂರಿಸಬಹುದು. ಎದುರಿನಿಂದ ಡಿಕ್ಕಿಯಾದಾಗ ಏಟು ಪೂರ್ತಿ ಕುತ್ತಿಗೆಯ ಮೇಲೆ ಬೀಳದೆ ಬೆನ್ನಿಗೆಲ್ಲ ಹಂಚಿಹೋಗುತ್ತದೆ.

ನಮ್ಮ ಕಡೆಯಿಂದ ಬಂದವರು ಹೆಚ್ಚಾಗಿ ತಪ್ಪುವುದು ಚಳಿಗಾಲದಲ್ಲಿ. ಉಬ್ಬಿದ ದಪ್ಪ ಜಾಕೆಟ್ ಹಾಕಿದಂತೆಯೇ ಮಗುವನ್ನು ಕೂರಿಸಿ ಬೆಲ್ಟ್ ಬಿಗಿಯುತ್ತಾರೆ. ನೋಡಲಿಕ್ಕೆ ಬಿಗಿಯಾಗಿಯೇ ಇರುತ್ತದೆ. ಡಿಕ್ಕಿಯಾದಾಗ ಜಾಕೆಟ್ಟಿನೊಳಗಿನ ಗಾಳಿ ಹಿಂಡಿಹೋಗಿ ಬೆಲ್ಟು ಸಡಿಲಾಗುತ್ತದೆ, ಮಗು ಅದರೊಳಗಿಂದ ಜಾರುತ್ತದೆ. ಜಾಕೆಟ್ ಬಿಚ್ಚಿ, ಫ್ಲೀಸಿನ ಮೇಲೆ ಬೆಲ್ಟ್ ಹಾಕಿ, ಭುಜದ ಎಲುಬಿನ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟ್ರಿ. ಪಟ್ಟಿ ಮಡಿಕೆಯಾಗಿ ಬೆರಳಿಗೆ ಸಿಕ್ಕರೆ ಇನ್ನೂ ಬಿಗಿಯಬೇಕು. ಆಮೇಲೆ ಜಾಕೆಟ್ಟನ್ನೋ ಊರಿಂದ ತಂದ ಸಣ್ಣ ಕೌದಿಯನ್ನೋ ಬೆಲ್ಟಿನ ಮೇಲೆ ಹೊದಿಸ್ರಿ. ಟ್ಯಾಕ್ಸಿಯಲ್ಲಿ ಮಕ್ಕಳ ಸೀಟು ಇಲ್ಲದಿದ್ದರೆ ಹಿಂದೆ ಕೂರಿಸಿಕೊಂಡು ಹೋಗಲು ಕಾನೂನು ಬಿಡುತ್ತದೆ. ಆದರೂ ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ಟ್ಯಾಕ್ಸಿ ಗೊತ್ತು ಮಾಡುವಾಗ ಎರಡು ಮಕ್ಕಳ ಸೀಟು ಬೇಕೆಂದು ಮೊದಲೇ ಹೇಳ್ರಿ.

ಇನ್ನು ಬುತ್ತಿ. ಇದರಲ್ಲಿ ನಮ್ಮವರು ಗೆದ್ದಂತೆ, ಕಟ್ಟಿಕೊಂಡು ಹೋಗುವುದು ನಮಗೆ ರಕ್ತದಲ್ಲೇ ಬಂದದ್ದು. ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡ್ರಿ: ಶಾಲೆಯ ಡಬ್ಬಿಗೆ ಶೇಂಗಾ ಹೋಗಬಾರದು. ಶೇಂಗಾ ಚಟ್ನಿ, ಶೇಂಗಾ ಹೋಳಿಗೆ, ಒಗ್ಗರಣೆಯ ನಾಲ್ಕು ಕಾಳು ಸಹ. ಪಕ್ಕದಲ್ಲಿ ಕೂತ ಮಗುವಿಗೆ ಅಲರ್ಜಿ ಇದ್ದರೆ ನಿಮ್ಮ ಮಗಳ ಬೆರಳಿಗೆ ಅಂಟಿದ ಪುಡಿಯೇ ಉಸಿರು ಕಟ್ಟಿಸಬಹುದು, ಅದಕ್ಕೇ ಹೆಚ್ಚಿನ ಶಾಲೆಗಳು ಪೂರ್ತಿ ನಿಷೇಧ ಮಾಡಿವೆ. ಎಳ್ಳು ಕೂಡ ಅಲ್ಲಿನ 14 ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿದೆ, ಆದ್ದರಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಳಿಸುವ ಮೊದಲು ಟೀಚರನ್ನು ಕೇಳ್ರಿ. ಪುಠಾಣಿ ಚಟ್ನಿ, ಅಗಸಿ ಚಟ್ನಿ ಚಪಾತಿಗೆ ಸವರಿ, ಸುರುಳಿ ಸುತ್ತಿ ಎರಡು ತುಂಡು ಮಾಡಿದರೆ ಆರು ವರ್ಷದವಳು ತಾನೇ ತಿನ್ನುತ್ತಾಳೆ. ಶಾಲೆಯಲ್ಲಿ ಡಬ್ಬಿ ಬಿಸಿ ಮಾಡಿಕೊಡುವುದಿಲ್ಲ. ಮುಚ್ಚಳ ಅವಳ ಬೆರಳಿಗೆ ತೆರೆಯಬರುತ್ತದೋ ಇಲ್ಲವೋ ಮನೆಯಲ್ಲೇ ಹತ್ತು ಸಲ ಆಡಿಸಿ ನೋಡ್ರಿ. ಬಿಗಿ ಡಬ್ಬಿ ತೆಗೆಯಲಾಗದೆ ಹಸಿದುಕೊಂಡು ಬರುವ ಮಕ್ಕಳು ಬಹಳ. ಅಂದಹಾಗೆ ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ರಿಸೆಪ್ಷನ್ (ಮೊದಲ ವರ್ಷಕ್ಕಿಂತ ಮುಂಚಿನ ತರಗತಿ), ಮೊದಲ, ಎರಡನೆಯ ವರ್ಷದ ಎಲ್ಲ ಮಕ್ಕಳಿಗೆ ಮಧ್ಯಾಹ್ನದ ಊಟ ಉಚಿತ, ಸಸ್ಯಾಹಾರವೂ ಇರುತ್ತದೆ. ಸೇರಿಸುವಾಗ ಮೊಟ್ಟೆ, ಮಾಂಸ, ಜೆಲಟಿನ್ ಬೇಡವೆಂದು ಬಿಡಿಬಿಡಿಯಾಗಿ ಬರೆದುಕೊಡ್ರಿ. ಹುಟ್ಟುಹಬ್ಬಕ್ಕೆ ಹಂಚುವ ಮೆತ್ತನೆ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ-ಎಲುಬಿನಿಂದ ಮಾಡಿದ್ದು.

ಮನೆಯವರೇ ಹೋಗುವ ತಿರುಗಾಟಕ್ಕೆ ಸೂಸಲಾಕ್ಕಿಂತ ಒಳ್ಳೆಯದಿಲ್ಲ. ನಾಲ್ಕು ಮಂದಿಗೆ 150 ಗ್ರಾಂ ಮಂಡಕ್ಕಿ ನೆನೆಸಿ ಕೂಡಲೇ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಷಿಣದ ಒಗ್ಗರಣೆಗೆ ಹಾಕಿ, ಇಳಿಸುವಾಗ ಎರಡು ಚಮಚ ಪುಠಾಣಿ ಹಿಟ್ಟು ಉದುರಿಸ್ರಿ. ಹಿಟ್ಟು ಹೆಚ್ಚಿನ ತೇವ ಹೀರಿಕೊಳ್ಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಮುದ್ದೆಯಾಗುವುದಿಲ್ಲ. ಖಡಕ್ ರೊಟ್ಟಿ ಊರಿಂದ ಒಯ್ಯಬಹುದು, ಆದರೆ ಅಲ್ಲಿನ ತೇವದ ಹವೆಗೆ ತೆರೆದಿಟ್ಟ ರೊಟ್ಟಿ ಮೆತ್ತಗಾಗುತ್ತದೆ. ಗಾಳಿಯಾಡದ ತಗಡಿನ ಡಬ್ಬಿಯಲ್ಲಿಡ್ರಿ, ಮೆತ್ತಗಾದರೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಮತ್ತೆ ಗರಿ ಮಾಡ್ರಿ. ಬಿಸಿ ಅನ್ನ-ಸಾರು ಒಯ್ಯುವ ಫ್ಲಾಸ್ಕಿಗೆ ಮೊದಲು ಕುದಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಅನ್ನ ಹಾಕ್ರಿ. ತಣ್ಣನೆ ಫ್ಲಾಸ್ಕಿಗೆ ನೇರ ಹಾಕಿದರೆ ಮೊದಲ ಬಿಸಿಯನ್ನೆಲ್ಲ ಉಕ್ಕೇ ಕುಡಿಯುತ್ತದೆ. ಹುಲ್ಲಿನ ಮೇಲೆ ಕೌದಿ ಹಾಸಬೇಡ್ರಿ, ಬಿಸಿಲಿದ್ದ ದಿನವೂ ನೆಲ ಹಸಿಯಿರುತ್ತದೆ. ಕೆಳಗೆ ಪ್ಲಾಸ್ಟಿಕ್ ಹೊಲಿದ ಚಾಪೆ ಸಿಗುತ್ತದೆ. ತುಪ್ಪ, ಖೋವಾ, ಪೇಡೆ ಸೂಟ್‌ಕೇಸಿನಲ್ಲಿ ಒಯ್ಯಬೇಡ್ರಿ, ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಅನುಮತಿಯಿಲ್ಲ.

ಎಲ್ಲಿಗೆ ಹೋಗೋದು? ಮೊದಲ ವಾರವೇ ಓಣಿಯ ಲೈಬ್ರರಿ ಕಾರ್ಡ್ ಮಾಡಿಸ್ರಿ, ದುಡ್ಡಿಲ್ಲ. ಸಣ್ಣ ಮಕ್ಕಳನ್ನು ಕೂರಿಸಿ ಹಾಡು ಹಾಡಿಸುವ ತಾಸು ಹಲವು ಲೈಬ್ರರಿಗಳಲ್ಲಿ ಇರುತ್ತದೆ. ಹೊಸ ತಾಯಂದಿರಿಗೆ ಗೆಳತಿಯರು ಸಿಗುವುದು ಅಲ್ಲೇ. ಜೋರು ಮಳೆಯ ರವಿವಾರಕ್ಕೆ ಲೀಡ್ಸಿನ ರಾಯಲ್ ಆರ್ಮರೀಸ್ ಮ್ಯೂಸಿಯಂ ಇದೆ, ಪ್ರವೇಶ ಉಚಿತ. ಕತ್ತಿ, ಕವಚ, ಆನೆಗೆ ತೊಡಿಸುತ್ತಿದ್ದ ಯುದ್ಧಕವಚ. ಹಂಪಿಯ ಗಜಶಾಲೆ ನೋಡಿದ ಮಗಳು ಅದರ ಮುಂದಿನಿಂದ ಕದಲಲಿಕ್ಕಿಲ್ಲ. ಯಾರ್ಕಿನ ರೈಲ್ವೆ ಮ್ಯೂಸಿಯಮ್ಮಿಗೂ ಟಿಕೆಟ್ ಇಲ್ಲ, ರೈಲಿನಲ್ಲಿ ಅರ್ಧ ತಾಸಿನ ಹಾದಿ, ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ರೈಲಿನಲ್ಲಿ ಐದರ ಕೆಳಗಿನವರಿಗೆ ಟಿಕೆಟ್ ಬೇಡ, 5ರಿಂದ 15ರವರೆಗೆ ಅರ್ಧ. ಫ್ಯಾಮಿಲಿ ರೈಲ್‌ಕಾರ್ಡ್ ಮಾಡಿಸಿದರೆ ದೊಡ್ಡವರಿಗೆ ಮೂರರಲ್ಲೊಂದು ಭಾಗ, ಮಕ್ಕಳಿಗೆ 60% ಇಳಿಯುತ್ತದೆ. ಬಸ್ಸಿನಲ್ಲಿ ಗಾಲಿಕುರ್ಚಿಯವರು ಹತ್ತಿದರೆ ತಳ್ಳುಗಾಡಿ ಮಡಚಿ ಜಾಗ ಬಿಡಬೇಕು, ಆದ್ದರಿಂದ ಒಂದೇ ಕೈಯಲ್ಲಿ ಮಡಚಲು ಬರುವ ಗಾಡಿಯನ್ನೇ ತಗೊಳ್ರಿ. ಇನ್ನೊಂದು ಕೈಯಲ್ಲಿ ಮಗ ಇರುತ್ತಾನೆ.

ಬೇಸಿಗೆಯಲ್ಲಿ ವಿಟ್ಬಿ ಎಂಬ ಊರಿನ ಸಮುದ್ರಕ್ಕೆ ಹೋಗ್ರಿ. ಗುಡ್ಡದ ಮೇಲಿನ ಹಳೆ ಮಠಕ್ಕೆ 199 ಮೆಟ್ಟಲು. ಅಂಜನಾದ್ರಿಯ 575 ಹತ್ತಿದ ಮಕ್ಕಳಿಗೆ ಅದು ಲೆಕ್ಕಕ್ಕಿಲ್ಲ. ನೀರಿನ ವಿಷಯ ಮಾತ್ರ ಬೇರೆ. ಸಾಣಾಪುರ ಕೆರೆಯ ನೀರಿನ ಹಾಗೆ ಅಂದುಕೊಂಡು ಇಳಿಯಬೇಡ್ರಿ. ಆಗಸ್ಟಿನಲ್ಲೂ ಅಲ್ಲಿನ ಸಮುದ್ರ 15 ಡಿಗ್ರಿಯ ಆಸುಪಾಸು, ಒಮ್ಮೆಲೇ ಮುಳುಗಿದರೆ ಉಸಿರು ಹಿಡಿತ ತಪ್ಪುತ್ತದೆ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಬೇಕು, ಬರೀ ಕೆಂಪು ಬಾವುಟವಿದ್ದರೆ ಕಾಲೂ ಇಡಬಾರದು. ಉಬ್ಬರದ ಹೊತ್ತು ನೋಡಿಕೊಂಡೇ ದಂಡೆಯುದ್ದಕ್ಕೂ ನಡೆಯ್ರಿ, ನೀರು ಏರಿದರೆ ಬಂದ ದಾರಿ ಮುಚ್ಚಿಹೋಗುತ್ತದೆ. ಈಜು ಕಲಿಸಲು ಲೀಡ್ಸಿನ ಈಜುಕೊಳವೇ ಸರಿ, ಪ್ರಾಥಮಿಕ ಶಾಲೆ ಮುಗಿಯುವಷ್ಟರಲ್ಲಿ 25 ಮೀಟರ್ ಈಜು ಬರಬೇಕೆಂಬುದು ಅಲ್ಲಿನ ಪಠ್ಯಕ್ರಮದಲ್ಲೇ ಇದೆ.

ಮಗುವನ್ನು ಕಾರಿನಲ್ಲಿ ಬಿಟ್ಟು "ಎರಡು ನಿಮಿಷ" ಅಂತ ಅಂಗಡಿಗೆ ಓಡುವುದು, ಮಗಳನ್ನು ಒಬ್ಬಳನ್ನೇ ಮೂಲೆ ಅಂಗಡಿಗೆ ಹಾಲಿಗೆ ಕಳಿಸುವುದು, ಇಬ್ಬರನ್ನೂ ಮಲಗಿಸಿ ಹೊರಗೆ ಹೋಗುವುದು, ಇವನ್ನು ಪೂರ್ತಿ ಬಿಡ್ರಿ. ಇಷ್ಟೇ ವಯಸ್ಸು ಅಂತ ಕಾನೂನು ಹೇಳದಿದ್ದರೂ ಮಗುವನ್ನು ಅಪಾಯಕ್ಕೆ ಒಡ್ಡಿದರೆ ಅಪರಾಧ. ಕೈ ಎತ್ತುವುದನ್ನೂ ಬಿಡ್ರಿ. ಇಂಗ್ಲೆಂಡಿನ ನೆರೆಯ ಸ್ಕಾಟ್ಲೆಂಡಿನಲ್ಲಿ 2020ರಿಂದ, ವೇಲ್ಸಿನಲ್ಲಿ 2022ರಿಂದ ಮಕ್ಕಳಿಗೆ ಹೊಡೆಯುವುದು ಪೂರ್ತಿ ನಿಷಿದ್ಧ.

ಬೆಳಕು ಬಹಳ ಮಂದಿಯನ್ನು ತಬ್ಬಿಬ್ಬು ಮಾಡುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೇ ಸೂರ್ಯ ಮುಳುಗುತ್ತಾನೆ, ರವಿವಾರದ ತಿರುಗಾಟ ಬೆಳಿಗ್ಗೆ ಹತ್ತಕ್ಕೇ ಶುರುವಾಗಬೇಕು. ಜೂನಿನಲ್ಲಿ ರಾತ್ರಿ ಒಂಬತ್ತೂವರೆಗೂ ಬಿಸಿಲು, ಮಕ್ಕಳು "ಇನ್ನೂ ಹಗಲೈತಿ" ಅಂತ ಮಲಗುವುದಿಲ್ಲ. ಮಲಗುವ ಕೋಣೆಗೆ ಬೆಳಕು ತಡೆಯುವ ಕಪ್ಪು ಪರದೆ ಹಾಕ್ರಿ. ನಮ್ಮ ಮೈಬಣ್ಣಕ್ಕೆ ಅಲ್ಲಿನ ಬಿಸಿಲು ಸಾಲುವುದಿಲ್ಲ. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಾ 10 ಮೈಕ್ರೋಗ್ರಾಂ ವಿಟಮಿನ್ ಡಿ ಕೊಡಲು ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ, ಮಗಳ ಬಗ್ಗೆಯೂ ಡಾಕ್ಟರನ್ನು ಕೇಳ್ರಿ. ತಾಯಿ ಕಾರ್ಡಿನ ಲಸಿಕೆ ಪುಟಗಳ ನಕಲು ಕೈಚೀಲದಲ್ಲೇ ಇರಲಿ.

ಶಾಲೆಯ ರಜೆಯ ಲೆಕ್ಕ ಮೊದಲೇ ಅರಿತಿರಬೇಕು. ಶಾಲೆ ನಡೆಯುವಾಗ ಐದು ದಿನ ಅನುಮತಿಯಿಲ್ಲದೆ ತಪ್ಪಿಸಿದರೆ ತಂದೆಗೊಂದು, ತಾಯಿಗೊಂದು, 80 ಪೌಂಡಿನ ದಂಡ ಬರುತ್ತದೆ. 21 ದಿನದೊಳಗೆ ಕಟ್ಟದಿದ್ದರೆ 160. ಹಾಗಾಗಿ ಜನವರಿಯ ಕೊಪ್ಪಳದ ಗವಿಮಠದ ಜಾತ್ರೆಗೆ ಮಗಳನ್ನು ಕರೆತರುವುದು ಆಗದ ಮಾತು, ದಸರೆಯೂ ಕಷ್ಟ. ಜುಲೈ ಕೊನೆಯಿಂದ ಆರು ವಾರ ರಜೆ, ನಾಗರ ಪಂಚಮಿ ಅದರೊಳಗೇ ಬರುತ್ತದೆ. ಉಂಡಿ, ಜೋಕಾಲಿಗೆ ಮಕ್ಕಳು ಊರಲ್ಲಿರಬೇಕೆಂದರೆ ಆ ಟಿಕೆಟ್ಟನ್ನು ಜನವರಿಯಲ್ಲೇ ತೆಗೆಸ್ರಿ, ಆ ವಾರಗಳಲ್ಲಿ ದರ ಮುಗಿಲಿಗೆ ಏರುತ್ತದೆ.

ಅಜ್ಜ-ಅಜ್ಜಿಯ ಜೊತೆ ಮಾತಿಗೆ ಶಾಲೆ ಬಿಟ್ಟ ಮೇಲಿನ ಹೊತ್ತು ಹಿಡಿಯಬೇಡ್ರಿ. ಅಲ್ಲಿ ಮೂರೂವರೆಯಾದಾಗ ಚಳಿಗಾಲದಲ್ಲಿ ಗಂಗಾವತಿಯಲ್ಲಿ ರಾತ್ರಿ ಒಂಬತ್ತು, ಅತ್ತ ಅವರಿಗೆ ನಿದ್ದೆ, ಇತ್ತ ಮಕ್ಕಳಿಗೆ ಹಸಿವು. ಶನಿವಾರ, ರವಿವಾರ ಬೆಳಿಗ್ಗೆ ಒಂಬತ್ತಕ್ಕೆ, ತಿರುಗಾಟಕ್ಕೆ ಬುತ್ತಿ ಕಟ್ಟುವಾಗ, ಫೋನು ಮಾಡ್ರಿ. ಊರಲ್ಲಿ ಆಗ ಊಟ ಮುಗಿದು ಎರಡೂವರೆ. ಇದು ಅಕ್ಟೋಬರಿನ ಕೊನೆಯ ರವಿವಾರ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸಿದ ಮೇಲಿನ ಲೆಕ್ಕ. ಅದಕ್ಕೆ ಮೊದಲಿನ ವಾರಗಳಲ್ಲಿ ಅದೇ ಒಂಬತ್ತಕ್ಕೆ ಊರಲ್ಲಿ ಒಂದೂವರೆ, ಅಜ್ಜಿ ಇನ್ನೂ ಊಟಕ್ಕೆ ಕೂತಿರುತ್ತಾರೆ. ಹೊರಡುವ ಮುಂಚೆ ಅವರಿಗೆ ಇದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸಿ ಬರ್ರಿ.