ಎರಡು ನಾಯಿ, ಒಂದಕ್ಕೆ ಮಾತ್ರ ವಿಮೆ

ಶಿವಮೊಗ್ಗದ ಓದುಗರೊಬ್ಬರ ಮನೆಯಲ್ಲಿ ಎರಡು ವರ್ಷದ ಗಂಡು ಲ್ಯಾಬ್ರಡಾರ್ ಮತ್ತು ಒಂಬತ್ತು ವರ್ಷದ ನಾಟಿ ಹೆಣ್ಣುನಾಯಿ ಇವೆ. ಪಕ್ಕದ ಮನೆಯ ನಾಯಿ ಮಾವಿನ ಗೊರಟು ನುಂಗಿ ಆಪರೇಷನ್ ಆಯಿತಂತೆ. ಅದರ ಬಿಲ್ಲು ಕಂಡು ಇವರಿಗೆ ದಿಗಿಲು. ‘ಪಾಲಿಸಿ ಮಾಡಿಸಿದರೆ ಎಲ್ಲ ಖರ್ಚೂ ವಾಪಸ್’ ಎನ್ನುತ್ತಾರಂತೆ ಏಜೆಂಟರು. ಎರಡಕ್ಕೂ ಮಾಡಿಸಬೇಕೆ ಎಂಬುದು ಪ್ರಶ್ನೆ.

ಲ್ಯಾಬ್ರಡಾರಿಗೆ ಮಾಡಿಸಿ, ಈ ತಿಂಗಳೇ ಮಾಡಿಸಿ. ನಾಟಿ ನಾಯಿಗೆ ಬೇಡ, ಅದಕ್ಕೆ ಬೇರೆ ದಾರಿಯಿದೆ. ಏಜೆಂಟರ ಮಾತಿನಲ್ಲಿ ‘ಎಲ್ಲ’ ಎಂಬುದೊಂದನ್ನು ನಂಬಬೇಡಿ.

ಗೊರಟಿನ ವಿಷಯವನ್ನೇ ನೋಡಿ. ಹೊಟ್ಟೆ ದಾಟಿದ ಗೊರಟು ಸಣ್ಣಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದು ಎಕ್ಸ್‌ರೇಯಲ್ಲಿ ಹಲವು ಸಲ ಸ್ಪಷ್ಟವಾಗಿ ಕಾಣುವುದಿಲ್ಲ, ಸ್ಕ್ಯಾನಿಂಗ್ ಬೇಕಾಗುತ್ತದೆ. ಬೇಗ ಗೊತ್ತಾದರೆ ಕರುಳು ಸೀಳಿ ಗೊರಟು ತೆಗೆದು ಹೊಲಿದರೆ ಮುಗಿಯಿತು. ತಡವಾದರೆ ರಕ್ತ ಹರಿಯದೆ ಆ ಭಾಗದ ಕರುಳೇ ಸಾಯುತ್ತದೆ. ಅದನ್ನು ಕತ್ತರಿಸಿ ತೆಗೆದು ಎರಡು ತುದಿ ಜೋಡಿಸಬೇಕು. ಖರ್ಚೂ ಅಪಾಯವೂ ಅಲ್ಲಿಂದ ಏರುತ್ತವೆ. ದುಡ್ಡಿಗೆ ಹಿಂದೆಮುಂದೆ ನೋಡುತ್ತಾ ಕಳೆಯುವ ಒಂದು ರಾತ್ರಿ ಈ ಎರಡರ ನಡುವಿನ ಅಂತರವಾಗಬಹುದು. ವಿಮೆ ಬೇಕು ಎನ್ನುವುದು ಈ ಕಾರಣಕ್ಕೆ.

ವರ್ಷದ ಲಸಿಕೆ, ಜಂತಿನ ಮಾತ್ರೆ, ಸ್ನಾನ, ಉಗುರು, ಸಂತಾನಹರಣ ಇವಕ್ಕೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಪಾಲಿಸಿ ಕೊಂಡ ಮೊದಲ ದಿನಗಳ ಕಾಯಿಲೆಗೂ ಇಲ್ಲ, ಕಾಯುವ ಅವಧಿ ಇರುತ್ತದೆ. ಪಾರ್ವೊ, ಡಿಸ್ಟೆಂಪರ್, ಇಲಿಜ್ವರಗಳಿಗೆ ಲಸಿಕೆಯ ತಾರೀಕು ದಾಟಿಸಿದ್ದರೆ ಕ್ಲೇಮು ಅಲ್ಲಿಗೇ ನಿಲ್ಲುತ್ತದೆ. ಲ್ಯಾಬ್ರಡಾರ್ ತಳಿಯನ್ನು ಕಾಡುವ ಸೊಂಟದ ಕೀಲಿನ ತೊಂದರೆ ವಂಶದಿಂದ ಬರುವಂಥದ್ದು. ಅದನ್ನು ಹೊರಗಿಟ್ಟಿದ್ದಾರೆಯೇ ಎಂದು ಬರಹದಲ್ಲೇ ಕೇಳಿ. ಹಾಗೆಯೇ ಉಣ್ಣೆ ಕಚ್ಚಿ ಬರುವ ಜ್ವರ. ನಮ್ಮ ಕಡೆ ನಾಯಿಗಳಲ್ಲಿ ಅದು ಸಾಮಾನ್ಯ. ರಕ್ತಪರೀಕ್ಷೆ ಮಾಡಿ ಹೆಚ್ಚಾಗಿ ಸುಮಾರು 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ, ಬಹುಪಾಲು ಮನೆಯಲ್ಲೇ. ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಎನ್ನುವ ಪಾಲಿಸಿಯಿಂದ ಇದಕ್ಕೆ ಪ್ರಯೋಜನವಿಲ್ಲ.

ಕೈಗೆಷ್ಟು ಬರುತ್ತದೆ? ಲೆಕ್ಕ ತೋರಿಸಲು ಒಂದು ಉದಾಹರಣೆ ಹಿಡಿಯೋಣ. ಬಿಲ್ಲು ₹50,000. ಪಾಲಿಸಿ ಒಪ್ಪದ ಬಾಬತ್ತು ₹4,000 ಕಳೆದರೆ ₹46,000. ಶಸ್ತ್ರಚಿಕಿತ್ಸೆಗೆ ಮಿತಿ ₹40,000 ಎಂದಿದ್ದರೆ ಅಷ್ಟಕ್ಕೇ ಇಳಿಯುತ್ತದೆ. ಅದರಲ್ಲಿ 20% ಕೋ-ಪೇ, ಅಂದರೆ ನಿಮ್ಮ ಪಾಲು, ₹8,000. ಉಳಿದದ್ದು ₹32,000. ಅದೂ ಹೆಚ್ಚಾಗಿ ನೀವು ಮೊದಲು ಪೂರ್ತಿ ಕಟ್ಟಿದ ಮೇಲೆ. ಹಾಗಾಗಿ ಪಾಲಿಸಿಗಳನ್ನು ಹೋಲಿಸುವಾಗ ಪ್ರೀಮಿಯಂಗಿಂತ ಮೊದಲು ಮಿತಿಗಳ ಪಟ್ಟಿ ಓದಿ. ನಿಮ್ಮೂರಿನಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿನ ದರಗಳನ್ನೂ ಒಮ್ಮೆ ವಿಚಾರಿಸಿಕೊಂಡು ವಿಮೆಯ ಮೊತ್ತ ಆರಿಸಿ.

ಕ್ಲೇಮು ಹೆಚ್ಚಾಗಿ ಕೆಡುವುದು ಕಾಗದದಲ್ಲಿ. ಮೈಕ್ರೋಚಿಪ್ ಹಾಕಿಸಿ, ಅಕ್ಕಿಕಾಳಿನಷ್ಟು ದಪ್ಪ, ಹೆಗಲ ಮೂಳೆಗಳ ನಡುವೆ ಚರ್ಮದಡಿ ಕೂರುತ್ತದೆ. ಅದರ 15 ಅಂಕಿಯ ಸಂಖ್ಯೆ ಪಾಲಿಸಿಯಲ್ಲಿ, ಲಸಿಕೆ ಪುಸ್ತಕದಲ್ಲಿ, ಬಿಲ್ಲಿನಲ್ಲಿ ಒಂದೇ ಇರಲಿ. ಲಸಿಕೆ ಪುಸ್ತಕದಲ್ಲಿ ಬಾಟಲಿಯ ಚೀಟಿ ಅಂಟಿಸಿ, ಡಾಕ್ಟರ ಸಹಿ ಮತ್ತು ನೋಂದಣಿ ಸಂಖ್ಯೆ ಹಾಕಿಸಿ. ಬಿಲ್ಲು ಒಟ್ಟು ಮೊತ್ತದ್ದಾಗಿರದೆ ಬಾಬತ್ತುವಾರು ಇರಲಿ. ಡಾಕ್ಟರ ಬಳಿ ಮಾತನಾಡುವಾಗ ಗಮನವಿರಲಿ: ನಿನ್ನೆ ಕುಂಟಲು ಶುರುವಾದ ನಾಯಿಯ ಬಗ್ಗೆ ‘ಹಿಂದಿನಿಂದಲೂ ಸ್ವಲ್ಪ ಹೀಗೇ’ ಎಂದುಬಿಟ್ಟರೆ, ಕೇಸ್ ಶೀಟಿನಲ್ಲಿ ಅದು ಹಳೆಯ ಕಾಯಿಲೆಯೆಂದು ದಾಖಲಾಗುತ್ತದೆ. ಸುಳ್ಳು ಹೇಳಬೇಡಿ, ತಾರೀಕು ಸರಿಯಾಗಿ ಹೇಳಿ. ನಿಜಕ್ಕೂ ಹಳೆಯ ತೊಂದರೆಯಿದ್ದರೆ ಅರ್ಜಿಯಲ್ಲೇ ಬರೆಯಿರಿ. ಮುಚ್ಚಿಟ್ಟದ್ದು ಹೊರಬಂದರೆ ಪಾಲಿಸಿಯೇ ಬಿದ್ದುಹೋಗಬಹುದು.

ಸಾವಿನ ಪರಿಹಾರವಿರುವ ಪಾಲಿಸಿಯಾದರೆ ಇನ್ನೊಂದು ಮಾತು. ದುಃಖದಲ್ಲಿ ಜನ ಕೂಡಲೇ ಮಣ್ಣು ಮಾಡಿಬಿಡುತ್ತಾರೆ. ಅದಕ್ಕೆ ಮೊದಲು ಕಂಪನಿಗೆ ತಿಳಿಸಬೇಕು, ಮರಣೋತ್ತರ ಪರೀಕ್ಷೆ ಕೇಳಿದರೆ ಮಾಡಿಸಬೇಕು. ಆ ಹೊತ್ತಿನಲ್ಲಿ ಇದೆಲ್ಲ ಕಷ್ಟ, ಈಗಲೇ ತಿಳಿದಿರುವುದು ಮೇಲು.

ಪಾಲಿಸಿ ಕೈಗೆ ಬಂದ ಮೇಲೆ ಪೂರ್ತಿ ಓದಿ, ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸುವ ಅವಧಿ ಎಷ್ಟು ದಿನ ಎಂದು ಅದರಲ್ಲೇ ನೋಡಿಕೊಳ್ಳಿ. ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ವಿಮೆಯ ದೂರುಗಳನ್ನು ಕೇಳಿ ತೀರ್ಮಾನಿಸುವ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ಕಂಪನಿಯ ಉತ್ತರ ಬಂದ ಅಥವಾ ಆ ತಿಂಗಳು ಮುಗಿದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು.

ಇನ್ನು ಹಿರಿಯ ನಾಯಿ. ಒಂಬತ್ತಕ್ಕೆ ಹೊಸ ಪಾಲಿಸಿ ಸಿಗುವುದೇ ಕಷ್ಟ. ಸಿಕ್ಕರೂ ಇರುವ ಕಾಯಿಲೆಗಳೆಲ್ಲ ಹೊರಗೆ. ಅದಕ್ಕೆಂದೇ ಬ್ಯಾಂಕಿನಲ್ಲಿ ತಿಂಗಳಿಗೆ ₹1,500ರ ಆರ್‌ಡಿ ಕಟ್ಟಿ, ವರ್ಷಕ್ಕೆ ಅಸಲೇ ₹18,000 ಆಗುತ್ತದೆ. ಸಂತಾನಹರಣ ಮಾಡಿಸಿದೆಯೇ ಎಂದು ನೀವು ಬರೆದಿಲ್ಲ. ಮಾಡಿಸಿಲ್ಲವಾದರೆ ಆ ಹಣಕ್ಕೆ ಮೊದಲ ಕೆಲಸ ಅದೇ. ವಯಸ್ಸಾದ ಹೆಣ್ಣುನಾಯಿಗಳಲ್ಲಿ ಬೆದೆ ಮುಗಿದ ಕೆಲವು ವಾರಗಳಿಗೆ ಗರ್ಭಕೋಶದಲ್ಲಿ ಕೀವು ತುಂಬಬಹುದು: ವಿಪರೀತ ನೀರು ಕುಡಿಯುತ್ತದೆ, ಊಟ ಬಿಡುತ್ತದೆ, ವಾಂತಿಯಾಗುತ್ತದೆ. ಗರ್ಭದ ಬಾಯಿ ಮುಚ್ಚಿದ್ದರೆ ಕೀವು ಹೊರಗೆ ಕಾಣುವುದೂ ಇಲ್ಲ. ಈಗ ಆರೋಗ್ಯವಾಗಿರುವಾಗಲೇ ರಕ್ತಪರೀಕ್ಷೆ ಮಾಡಿಸಿ, ಅರಿವಳಿಕೆಯನ್ನು ನಾಯಿ ತಡೆದುಕೊಳ್ಳುತ್ತದೆಯೇ ಎಂದು ಡಾಕ್ಟರನ್ನು ಕೇಳಿ.