ಕೇಸು ಜಾಸ್ತಿ ಅಂದರೆ ಅಪರಾಧ ಜಾಸ್ತಿ ಅಂತಲಾ?

ಪ್ರಶ್ನೆ: ನನಗೆ ಬೇರೆ ನಗರಕ್ಕೆ ವರ್ಗವಾಗಿದೆ. ಪೊಲೀಸರ ಅಂಕಿಅಂಶ ನೋಡಿದರೆ ಈಗಿರುವ ಊರಿಗಿಂತ ಅಲ್ಲಿ ಎರಡು ಪಟ್ಟು ಕೇಸು ದಾಖಲಾಗಿವೆ. ಮನೆಯಲ್ಲಿ ಎಲ್ಲರೂ ಹೆದರಿದ್ದಾರೆ. ಈ ಅಂಕಿಗಳನ್ನು ಎಷ್ಟು ನಂಬಬಹುದು?

ಉತ್ತರ: ನೀವು ನೋಡಿದ ಪಟ್ಟಿಯಲ್ಲಿರುವುದು ಠಾಣೆಯಲ್ಲಿ ಬರೆದುಕೊಂಡ ಕೇಸುಗಳು ಮಾತ್ರ. ನಡೆದದ್ದಕ್ಕೂ ಬರೆದದ್ದಕ್ಕೂ ನಡುವೆ ತುಂಬಾ ಸೋರಿಹೋಗುತ್ತದೆ.

ಬಸ್ಸಿನಲ್ಲಿ ಯಾರೋ ನಿಮ್ಮ ಜೇಬಿನಿಂದ ಮೊಬೈಲ್ ಎತ್ತಿದರು ಅಂದುಕೊಳ್ಳಿ. ಹಳೇ ಫೋನು, ಹೋದರೆ ಹೋಯ್ತು ಅಂತ ಸುಮ್ಮನಾದರೆ ಕಥೆ ಅಲ್ಲಿಗೇ ಮುಗಿಯಿತು. ಠಾಣೆಗೆ ಹೋದಿರಿ ಅಂತಲೇ ಇಟ್ಟುಕೊಳ್ಳೋಣ. "ಕದ್ದಿದ್ದು ನೋಡಿದ್ರಾ? ಎಲ್ಲೋ ಬಿದ್ದಿರಬಹುದು ಅಲ್ವಾ?" ಅಂತ ಕೇಳುತ್ತಾರೆ. ನಿಮಗೂ ಅನುಮಾನ ಶುರುವಾಗುತ್ತದೆ. "ಕಳೆದುಹೋಗಿದೆ" ಅಂತ ಬರೆದುಕೊಡುತ್ತೀರಿ. ಕೈಗೆ ಒಂದು ಚೀಟಿ ಸಿಗುತ್ತದೆ, ಹೊಸ ಸಿಮ್ ತಗೊಳ್ಳಲು ಅಷ್ಟು ಸಾಕು. ಕಳ್ಳತನದ ಲೆಕ್ಕಕ್ಕೆ ಮಾತ್ರ ಅದು ಸೇರುವುದೇ ಇಲ್ಲ.

ಸುಮ್ನೆ ಹೇಳುತ್ತಿಲ್ಲ. 2014ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರ ದಾಖಲೆಗಳನ್ನು ತಪಾಸಣಾ ಸಂಸ್ಥೆಯೊಂದು ತಾಳೆ ನೋಡಿತು. ಜನ ಬಂದು ಹೇಳಿಕೊಂಡ ಅಪರಾಧಗಳಲ್ಲಿ ಸುಮಾರು ಶೇ 19ರಷ್ಟು ದಾಖಲೇ ಆಗಿರಲಿಲ್ಲ. ಲೈಂಗಿಕ ಅಪರಾಧಗಳಲ್ಲಿ ಈ ಪಾಲು ಶೇ 26. ಅದೇ ವರ್ಷ ಪೊಲೀಸ್ ಅಂಕಿಗಳಿಗಿದ್ದ 'ರಾಷ್ಟ್ರೀಯ ಅಂಕಿಅಂಶ' ಎಂಬ ಮಾನ್ಯತೆಯನ್ನೂ ಕಿತ್ತುಕೊಂಡರು.

ಇನ್ನು ಎಣಿಸುವ ಪದ್ಧತಿ. ಮನೆಗೆ ನುಗ್ಗಿದವನು ಕೊಲೆ ಮಾಡಿ, ಒಡವೆ ದೋಚಿಕೊಂಡು ಹೋದ. ಅಪರಾಧ ಎಷ್ಟು? ದೇಶದ ಅಪರಾಧಗಳ ಲೆಕ್ಕ ಇಡುವ ಭಾರತದ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ಒಂದು ಎಫ್‌ಐಆರ್‌ನಲ್ಲಿ ಎಷ್ಟೇ ಅಪರಾಧಗಳಿದ್ದರೂ ಎಲ್ಲಕ್ಕಿಂತ ದೊಡ್ಡದನ್ನು ಮಾತ್ರ ಎಣಿಸುತ್ತದೆ. ಅಂದರೆ ಇಲ್ಲಿ ಕೊಲೆ ಒಂದೇ, ದರೋಡೆ ಮಾಯ. ಸ್ವೀಡನ್‌ನಲ್ಲಿ ಇದಕ್ಕೆ ತದ್ವಿರುದ್ಧ. ವರ್ಷವಿಡೀ ಅತ್ಯಾಚಾರಕ್ಕೆ ಒಳಗಾದ ಹೆಂಗಸು ಒಂದೇ ದಿನ ದೂರು ಕೊಟ್ಟರೂ ಪ್ರತಿ ಸಲದ್ದನ್ನೂ ಬೇರೆ ಬೇರೆ ಲೆಕ್ಕ ಹಾಕುತ್ತಾರೆ. ಈ ಎರಡು ದೇಶಗಳ ಅಂಕಿ ಪಕ್ಕಪಕ್ಕ ಇಟ್ಟು ತೀರ್ಪು ಕೊಡುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಇದ್ದುದರಲ್ಲಿ ನಂಬಬಹುದಾದದ್ದು ಕೊಲೆಯ ಲೆಕ್ಕ. ಹೆಣ ಮುಚ್ಚಿಡುವುದು ಸುಲಭವಲ್ಲ. ಅದರಲ್ಲೂ ಎಡವಟ್ಟು ಉಂಟು. ಬ್ರಿಟನ್ನಿನ ವೈದ್ಯ ಹೆರಾಲ್ಡ್ ಶಿಪ್‌ಮನ್ ದಶಕಗಳ ಕಾಲ ತನ್ನ ರೋಗಿಗಳನ್ನೇ ಕೊಂದಿದ್ದ. ಆ ಕೊಲೆಗಳಲ್ಲಿ 170ಕ್ಕೂ ಹೆಚ್ಚು ಒಟ್ಟಿಗೇ ದಾಖಲಾದದ್ದು 2002-03ರ ಲೆಕ್ಕದಲ್ಲಿ. ಗ್ರಾಫ್ ನೋಡಿದವರಿಗೆ ಆ ವರ್ಷ ದೇಶಕ್ಕೆ ಏನೋ ಆಗಿತ್ತು ಅನ್ನಿಸಬೇಕು!

ಠಾಣೆಯನ್ನು ಬಿಟ್ಟು ನೇರವಾಗಿ ಜನರನ್ನೇ ಕೇಳುವ ಸಮೀಕ್ಷೆಗಳೂ ಇವೆ. ಅಮೆರಿಕದಲ್ಲಿ 1973ರಿಂದ ಇಂಥದ್ದೊಂದು ನಡೆಯುತ್ತಿದೆ. ಹಲ್ಲೆ, ಸುಲಿಗೆಯಂಥ ಹಿಂಸೆಯ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪೊಲೀಸರವರೆಗೆ ಹೋಗುವುದೇ ಇಲ್ಲ ಅಂತ ಅದು ಸಾಮಾನ್ಯವಾಗಿ ತೋರಿಸುತ್ತದೆ. ಆದರೆ ಸಮೀಕ್ಷೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಸಿಗುತ್ತದೆ. ಇಂಗ್ಲೆಂಡಿನ ಸಮೀಕ್ಷೆಗೆ ವಂಚನೆ ಮತ್ತು ಆನ್‌ಲೈನ್ ಮೋಸದ ಪ್ರಶ್ನೆಗಳನ್ನು 2015ರಲ್ಲಿ ಸೇರಿಸಿದರು. ಅಪರಾಧಗಳ ಒಟ್ಟು ಅಂದಾಜು ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಕಳ್ಳರು ರಾತ್ರೋರಾತ್ರಿ ಹುಟ್ಟಿಕೊಂಡರಾ? ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೇ.

ಈಗ ನಿಮ್ಮ ವಿಷಯ. ಒಟ್ಟು ಕೇಸುಗಳನ್ನು ಪಕ್ಕಕ್ಕಿಡಿ. ಎರಡೂ ನಗರಗಳಲ್ಲಿ ಒಂದು ಲಕ್ಷ ಜನರಿಗೆ ಎಷ್ಟು ಕೊಲೆ, ಎಷ್ಟು ವಾಹನ ಕಳವು ಅಂತ ಹೋಲಿಸಿ. ವಿಮೆ ಸಿಗಬೇಕಾದರೆ ದೂರು ಬೇಕೇ ಬೇಕು, ಹಾಗಾಗಿ ಗಾಡಿ ಹೋದವರು ಸುಮ್ಮನೆ ಕೂರುವುದಿಲ್ಲ. ಒಂದೇ ವರ್ಷದ ಅಂಕಿ ಸಾಲದು, ನಾಲ್ಕೈದು ವರ್ಷದ್ದು ನೋಡಿ. ಅಲ್ಲಿ ಈಚೆಗೆ ಆನ್‌ಲೈನ್ ದೂರಿನ ವ್ಯವಸ್ಥೆಯೋ ಹೊಸ ಠಾಣೆಯೋ ಬಂದಿದೆಯಾ ಅಂತಲೂ ವಿಚಾರಿಸಿ. ಬಂದಿದ್ದರೆ, ಹಿಂದೆ ಬಾಯಿ ಮುಚ್ಚಿಕೊಂಡಿದ್ದವರು ಈಗ ದೂರು ಕೊಡುತ್ತಿರಬಹುದು.